ಎತ್ತಿ ಹೊಯ್ದ ಗಂಜಿ

ಲಕ್ವ ಹೊಡೆದು ನನ್ನಪ್ಪನ ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಮೂಗಿನಿಂದ ಹೊಟ್ಟೆವರೆಗೆ ನಳಿಕೆ ಇಳಿಸಿದರು. ಅಲ್ಲಿಂದ ಅವನ ಊಟ ಅಂದರೆ ಇಷ್ಟೆ: ಬೆನ್ನಿಗೆ ದಿಂಬು ಕೊಟ್ಟು ಕೂರಿಸಬೇಕು, ಸೋಸಿದ ರಾಗಿಗಂಜಿಯನ್ನು ಸಿರಿಂಜಿಗೆ ಹೊಯ್ದು ಎತ್ತಿ ಹಿಡಿಯಬೇಕು, ಕೊನೆಗೆ ನೀರು ಬಿಟ್ಟು ನಳಿಕೆ ತೊಳೆಯಬೇಕು.

ಎತ್ತಿ ಹಿಡಿದಾಗೆಲ್ಲ ಅಪ್ಪ ಹೇಳುತ್ತಿದ್ದ ಮಾತು ನೆನಪಾಗುತ್ತದೆ. ಹುಡುಗನಾಗಿದ್ದಾಗ ಅವನು ಊರೊಳಗಿನ ಜಗಲಿ ಕೆಳಗೆ ಬೊಗಸೆ ಒಡ್ಡಿ ನಿಲ್ಲುತ್ತಿದ್ದನಂತೆ. ಮುಟ್ಟದಂಗೆ ಮ್ಯಾಲಿಂದ ನೀರು ಹುಯ್ಯೋರು. ಈಗ ಮಗನೇ ಮೇಲಿಂದ ಹೊಯ್ಯುತ್ತಿದ್ದೇನೆ. ಆ ನೀರೂ ಬಾಯಾರಿಕೆ ನೀಗಿಸಿತ್ತು, ಈ ಗಂಜಿಯೂ ಹಸಿವು ನೀಗಿಸುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಎರಡು ಸಲ ಅಪ್ಪ ನಳಿಕೆ ಕಿತ್ತು ಹಾಕಿದ. ಆಸ್ಪತ್ರೆಯವರು ಕೈಗಳನ್ನು ಮಂಚಕ್ಕೆ ಕಟ್ಟಿದರು. ಒಳ್ಳೇದಕ್ಕೇ ಅಂದರು. ಡಿಗ್ರಿ ಓದಿದ ನಾನೂ ಹೂಂ ಅಂದೆ. ಓದದ ಅವ್ವ ಮಾತ್ರ ಕೇಳಿದಳು: "ಯಾಕ್ ಕಿತ್ತೆ?" ಅಪ್ಪ ಮೂಗು ತೋರಿಸಿದ, ಗಂಟಲು ತೋರಿಸಿದ. ಆಮೇಲೆ ನಾಲಿಗೆ ಚಾಚಿದ. ಅದು ಒಣಗಿ ಬಿರುಕು ಬಿಟ್ಟಿತ್ತು. ಹೊಟ್ಟೆ ತುಂಬಿತ್ತು, ಬಾಯಿ ಉಪವಾಸವಿತ್ತು.

ಸೇನೆಯ ವಿಶೇಷಾಧಿಕಾರ ಕಾಯ್ದೆಯ ವಿರುದ್ಧ ಉಪವಾಸ ಕೂತ ಮಣಿಪುರದ ಇರೋಮ್ ಶರ್ಮಿಳಾಗೆ 2000ದಿಂದ 2016ರವರೆಗೆ ಮೂಗಿನ ನಳಿಕೆಯಲ್ಲೇ ಬಲವಂತವಾಗಿ ಆಹಾರ ಇಳಿಸಿದರು. ಉಪವಾಸ ಬಿಟ್ಟ ದಿನ ಆಕೆ ನಾಲಿಗೆಗೆ ಮುಟ್ಟಿಸಿಕೊಂಡದ್ದು ಜೇನುತುಪ್ಪ. ಅಪ್ಪನ ಕಥೆ ಬೇರೆ. ಅವನು ಸತ್ಯಾಗ್ರಹಿಯಲ್ಲ, ಬದುಕಬೇಕು ಅಂತಲೇ ಇದ್ದವನು. ಆದರೂ ಒಂದು ಪ್ರಶ್ನೆ ಇಬ್ಬರದೂ ಹೌದು: ಹೊಟ್ಟೆಯ ಲೆಕ್ಕ ಇಟ್ಟವರು ಬಾಯಿಯ ಮಾತು ಕೇಳಿದರೇ?

ಗೆಳೆಯರೇ, ನಳಿಕೆ ನಮ್ಮ ಶತ್ರುವಲ್ಲ. ಅದಿಲ್ಲದಿದ್ದರೆ ಅಪ್ಪ ಇರುತ್ತಿರಲಿಲ್ಲ. ಕೇಳದೆ ಉಣ್ಣಿಸುವುದು, ಉಣ್ಣಿಸಿದೆವಲ್ಲ ಅಂತ ಬೀಗುವುದು, ಅದು ಶತ್ರು. ಬಹಳ ದಿನ ಬೇಕಾದವರಿಗೆ ದೊಡ್ಡ ಆಪರೇಷನ್ ಇಲ್ಲದೆ ಹೊಟ್ಟೆಗೇ ಸಣ್ಣ ತೂತು ಮಾಡಿ ನಳಿಕೆ ಇಡುವ ದಾರಿ 1980ರ ಹೊತ್ತಿಗೇ ಬಂದಿತ್ತು. ಅಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಈಗ ನಾವು ಹೇಳಿದ್ದೇವೆ. ಯೋಚನೆ ಮಾಡ್ತಾ ಇದ್ದಾನೆ.

ಮನೆಗೆ ಬಂದ ಮೇಲೆ ಕೈ ಕಟ್ಟಿಲ್ಲ. ಅವ್ವ ಒದ್ದೆ ಬಟ್ಟೆಯಲ್ಲಿ ಅವನ ನಾಲಿಗೆ ಒರೆಸುತ್ತಾಳೆ. ಮೊದಲು ಅವನಿಗೆ ಕಾಣದಂತೆ ಒಳಗೆ ಕೂತು ಉಣ್ಣುತ್ತಿದ್ದೆವು. ಉಪ್ಪುಸಾರಿನ ವಾಸನೆಗೆ ಒಂದಿನ ಅವನೇ ಕೈಸನ್ನೆ ಮಾಡಿ ಕರೆದ. ಈಗ ಪಕ್ಕದಲ್ಲೇ ಉಣ್ಣುತ್ತೇವೆ.

ಗಂಜಿ ಎತ್ತುವ ಮೊದಲು ಅವ್ವ ಕೇಳುತ್ತಾಳೆ: "ಹುಯ್ಲಾ?" ಅವನು ತಲೆ ಆಡಿಸಿದರೆ ಹೊಯ್ಯುತ್ತೇವೆ. ಬೇಡ ಅಂದರೆ ಕಾಯುತ್ತೇವೆ.