ಶುಶ್ರೂಷೆಗೆ ವೇತನವೇ?

ಚಾತುರ್ಮಾಸ್ಯದ ಪ್ರವಚನಮಾಲೆಯ ಸಮಯದಲ್ಲಿ ನೆರೆಮನೆಯವರ ಮೂಲಕ ಒಂದು ಚೀಟಿ ನಮ್ಮ ಕೈಸೇರಿತು. ಬರೆದಾಕೆ ನಿವೃತ್ತ ಶಿಕ್ಷಕಿ, ವಯಸ್ಸು 68. ಪತಿಗೆ ಪಾರ್ಕಿನ್ಸನ್ ವ್ಯಾಧಿ. ಸ್ನಾನ, ಊಟ, ಔಷಧ, ರಾತ್ರಿಯಲ್ಲಿ ಮಗ್ಗುಲು ಹೊರಳಿಸುವುದು ಎಲ್ಲವೂ ಆಕೆಯ ಕೈಯಿಂದಲೇ ಆಗಬೇಕು. ಈ ವ್ಯಾಧಿಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಕೊಡುವುದಾಗಿ ಕರ್ನಾಟಕ ಸರ್ಕಾರವು 2024-25ರ ಆಯವ್ಯಯದಲ್ಲಿ ಘೋಷಿಸಿತ್ತು. ಅರ್ಜಿ ಸಲ್ಲಿಸಿರೆಂದು ಬಂಧುಗಳು ಹೇಳಿದರಂತೆ. ಆಕೆಯ ಶಂಕೆ ಹೀಗಿತ್ತು: “ಯಜಮಾನರ ಶುಶ್ರೂಷೆಗೆ ಹಣ ಪಡೆದರೆ ಅದು ಸೇವೆಯಾಗಿ ಉಳಿಯುವುದೇ? ಪಿಂಚಣಿ ಬರುತ್ತಿರುವಾಗ ಇದು ಲೋಭವಲ್ಲವೇ?”

ಶಂಕೆ ಉಪೇಕ್ಷಣೀಯವಲ್ಲ. ಕೂಲಿ ನಿಂತರೆ ಕೆಲಸ ನಿಲ್ಲುತ್ತದೆ. ಕೂಲಿ ಸಂದರೆ ಋಣ ತೀರುತ್ತದೆ. ಈ ತಾಯಿಯ ವಿಷಯದಲ್ಲಿ ಇವೆರಡೂ ಸಲ್ಲವು. ಭತ್ಯೆ ಬಾರದಿದ್ದರೆ ಆಕೆ ಪತಿಗೆ ಗಂಜಿ ಕುಡಿಸದೆ ಇರುವರೇ? ಭೂಮಿ ಕಳೆದುಕೊಂಡ ದೇವಾಲಯಗಳಿಗೆ ಸರ್ಕಾರದಿಂದ ತಸ್ತೀಕು ಬರುವುದನ್ನು ನಾವೆಲ್ಲರೂ ಬಲ್ಲೆವು. ಅದು ಪೂಜೆಯ ಕ್ರಯವಲ್ಲ, ದೀಪಕ್ಕೆ ಎಣ್ಣೆ. ಅದನ್ನು ಸ್ವೀಕರಿಸಿದ ಅರ್ಚಕರು ಭಕ್ತಿಯನ್ನು ಮಾರಿದರೆಂದು ಯಾರೂ ಹೇಳುವುದಿಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವೂ ಆರೈಕೆದಾರರನ್ನು ನಿರೂಪಿಸುವಾಗ ತಂದೆತಾಯಿ, ಕುಟುಂಬದವರನ್ನು ಸೇರಿಸಿಕೊಂಡು, ಸಂಭಾವನೆ ಪಡೆದೋ ಪಡೆಯದೆಯೋ ಆರೈಕೆ ಮಾಡುವವರೆಲ್ಲರೂ ಆರೈಕೆದಾರರೇ ಎಂದಿದೆ.

ಪಿಂಚಣಿಯ ಮಾತೇ ಬೇರೆ. ಅದು ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲುವ ಹಕ್ಕು, ದಯಾದಾನವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ನಕಾರಾ ಪ್ರಕರಣದಲ್ಲಿ ತೀರ್ಪಿತ್ತಿತು. ಶಾಲೆಯಲ್ಲಿ ಪಾಠ ಹೇಳಿದ ವರ್ಷಗಳ ಫಲವದು. ಇಂದಿನ ನಿದ್ರೆಗೆಟ್ಟ ರಾತ್ರಿಗಳ ಲೆಕ್ಕ ಅದರಲ್ಲಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದಾಗ ಶೇಕಡಾ 20ರಷ್ಟು ಹೆಚ್ಚುವರಿ ಪಿಂಚಣಿ ಸೇರುತ್ತದೆ, ನೂರು ತುಂಬಿದರೆ ಮೂಲ ಪಿಂಚಣಿಯಷ್ಟೇ ಮತ್ತೊಂದು ಸೇರುತ್ತದೆ. ಆದರೆ ಅಲ್ಲಿ ಎಣಿಸುವುದು ಪಿಂಚಣಿದಾರರ ವಯಸ್ಸನ್ನು ಮಾತ್ರ, ಅವರು ಹೊತ್ತ ಭಾರವನ್ನಲ್ಲ. ಹಾಗಿರುವಾಗ ಲೋಭದ ಮಾತೆಲ್ಲಿ?

ನಮಗೆ ಭಯವಿರುವುದು ಬೇರೆ ಕಡೆ. “ಸರ್ಕಾರ ಕೊಡುತ್ತಿದೆಯಲ್ಲ” ಎಂದು ದೂರದ ಮಕ್ಕಳು, ಮೈದುನಂದಿರು ಕೈತೊಳೆದುಕೊಂಡರೆ ಆ ಸಾವಿರ ರೂಪಾಯಿ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡೀತು. (ಪಟ್ಟಣದಲ್ಲಿ ಅಷ್ಟಕ್ಕೆ ಆಳು ಎಷ್ಟು ದಿನ ದೊರೆತಾರು ಎಂಬುದು ಗೃಹಸ್ಥರಿಗೆ ತಿಳಿಯದ್ದಲ್ಲ.) ಶ್ರೀಮದಾಚಾರ್ಯರು ಸಂನ್ಯಾಸಕ್ಕೆ ಹೊರಟಾಗ ಮಧ್ಯಗೇಹ ಭಟ್ಟರು, ತಮ್ಮನ್ನು ಪಾಲಿಸುವವರು ಬೇರೆ ಯಾರಿದ್ದಾರೆಂದು ತಡೆದರು, ತಮ್ಮನು ಹುಟ್ಟುವವರೆಗೂ ಆಚಾರ್ಯರು ಆಶ್ರಮಸ್ವೀಕಾರವನ್ನು ಮುಂದೂಡಿದರೆಂದು ಸುಮಧ್ವವಿಜಯದಿಂದ ತಿಳಿದುಬರುತ್ತದೆ. ಅವತಾರಕಾರ್ಯವೇ ಕಾದು ನಿಂತ ಮೇಲೆ, ರಜೆ ದೊರೆಯಲಿಲ್ಲವೆಂಬ ನಮ್ಮ ನೆಪಗಳಿಗೆ ಬೆಲೆಯೆಷ್ಟು?

ಪ್ರವಚನ ಮುಗಿದ ಮೇಲೆ ಆಕೆಯ ಮನೆಗೆ ಹೋಗಿ ಇಷ್ಟನ್ನೂ ನಿವೇದಿಸಿದೆವು. ಆಕೆ ಯಜಮಾನರ ಬಾಯಿ ಒರೆಸುತ್ತ ಸಮಾಧಾನದಿಂದ ಕೇಳಿದರು, ಅರ್ಜಿ ಹಾಕುವೆನೆಂದರು. ಬಳಿಕ, “ಮೂರು ವರ್ಷಗಳಿಂದ ಪ್ರವಚನಕ್ಕೆ ಬರಲಾಗಿಲ್ಲ. ಏಕಾದಶಿಯ ಸಂಜೆ ಎರಡು ಗಂಟೆ ಇವರ ಬಳಿ ಯಾರಾದರೂ ಕುಳಿತಾರೇ?” ಎಂದು ವಿಚಾರಿಸಿದರು. ಆ ದಿನ ನಾವು ಉತ್ತರಿಸಲಾಗದೆ ಹಿಂದಿರುಗಿದೆವು. ಮುಂದಿನ ಏಕಾದಶಿಗೆ ಇನ್ನು ಒಂಬತ್ತು ದಿನಗಳಿವೆ.