ಬಿಟ್ಟುಕೊಡಲು ಎರಡು ಗಂಟೆ

2010ರ ಜನವರಿ 17ರ ರಾತ್ರಿ ಉಡುಪಿ ಮಲಗಿರಲಿಲ್ಲ. ಬೆಳಗಾದರೆ ಶೀರೂರು ಮಠದ ಪರ್ಯಾಯ. ಪೇಟೆಯ ತುಂಬ ದೀಪ, ರಸ್ತೆಯ ತುಂಬ ಜನ. ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನದಿಂದ ಸ್ವಲ್ಪ ಆಚೆ ಒಂದು ಬಾಡಿಗೆ ಕೋಣೆಯಲ್ಲಿ ನಾನೂ ನನ್ನ ಗೆಳೆಯನೂ ಎಚ್ಚರವಾಗಿದ್ದೆವು. ನಮ್ಮ ಎಚ್ಚರಕ್ಕೆ ಕಾರಣ ಬೇರೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ, ಯುರೋಪಿನ ಬೇರೆ ಬೇರೆ ಊರುಗಳ 23 ಮಂದಿಯ ಜೊತೆ ಸೇರಿ ನಾವಿಬ್ಬರು ಒಂದು ಹಿಮದ ಕೋಟೆಯ ಬಾಗಿಲಲ್ಲಿ ನಿಂತಿದ್ದೆವು. ಅವರಿಗೆ ಅದು ಭಾನುವಾರದ ಸಂಜೆ, ನಮಗೆ ನಡುರಾತ್ರಿ.

ಆ ರಾತ್ರಿ ನಾನೊಂದು ವಸ್ತು ಗೆದ್ದೆ. ನಿಯಮದ ಪ್ರಕಾರ ಗೆದ್ದೆ. ಗೆದ್ದದ್ದು ಸರಿಯೇ ಎಂಬ ಪ್ರಶ್ನೆಗೆ ಮಾತ್ರ ಇವತ್ತಿಗೂ ನನ್ನಲ್ಲಿ ನೆಟ್ಟಗಿನ ಉತ್ತರವಿಲ್ಲ.

ಈ ಬಗೆಯ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆಟಗಾರ ತನ್ನ ಪಾತ್ರವನ್ನು ಮೊದಲ ಹಂತದಿಂದ ಬೆಳೆಸುತ್ತ ಕೊನೆಯ ಹಂತ ಮುಟ್ಟುತ್ತಾನೆ. ಆಗಿನ ಕೊನೆಯ ಹಂತ 80. ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಆದರೆ ನಿಜವಾದ ಆಟ ಶುರುವಾಗುವುದೇ ಅಲ್ಲಿಂದ. ಅದಕ್ಕೆ ‘ಎಂಡ್‌ಗೇಮ್’ ಎನ್ನುತ್ತಾರೆ. ಇನ್ನು ಪಾತ್ರ ಬೆಳೆಯುವುದಿಲ್ಲ, ಪಾತ್ರ ತೊಟ್ಟುಕೊಳ್ಳುವ ಕವಚ, ಕತ್ತಿ, ಉಂಗುರ, ತಾಯಿತಗಳು ಮಾತ್ರ ಬೆಳೆಯುತ್ತವೆ. ಒಳ್ಳೆಯ ವಸ್ತು ಬೇಕೆಂದರೆ ದೊಡ್ಡ ರಾಕ್ಷಸನನ್ನು ಕೆಡವಬೇಕು. ಅದಕ್ಕೆ ಹತ್ತು ಅಥವಾ ಇಪ್ಪತ್ತೈದು ಜನ ಬೇಕು. ಒಬ್ಬ ರಾಕ್ಷಸನನ್ನು ವಾರಕ್ಕೆ ಒಮ್ಮೆ ಮಾತ್ರ ಕೊಲ್ಲಬಹುದು. ಅವನು ಸತ್ತಾಗ ಬೀಳುವ ವಸ್ತುಗಳು ಬೆರಳೆಣಿಕೆಯವು. ಯಾವುದು ಬೀಳುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಅಂದರೆ ದುಡಿಮೆ ಇಪ್ಪತ್ತೈದು ಜನರದ್ದು, ಫಲ ಮೂರೋ ನಾಲ್ಕೋ ಜನರಿಗೆ. ಕೊರತೆಯನ್ನು ಬೇಕೆಂದೇ ಕಟ್ಟಿದ ಲೋಕ ಅದು. ಕೊರತೆ ಇರುವಲ್ಲಿ ನ್ಯಾಯದ ಪ್ರಶ್ನೆ ತಾನಾಗಿ ಬರುತ್ತದೆ.

ಅಂದು ಬಿದ್ದದ್ದು ‘ಡೆತ್‌ಬ್ರಿಂಗರ್ಸ್ ವಿಲ್’ ಎಂಬ ತಾಯಿತ. ಸೌರ್‌ಫ್ಯಾಂಗ್ ಎಂಬ ರಾಕ್ಷಸನನ್ನು ಇಪ್ಪತ್ತೈದು ಜನ ಸೇರಿ ಕೆಡವಿದರೆ ಮಾತ್ರ, ಅದೂ ಅದೃಷ್ಟವಿದ್ದರೆ, ಸಿಗುವಂಥದ್ದು. ಅದನ್ನು ತೊಟ್ಟವನ ರೂಪ ಯುದ್ಧದ ನಡುವೆ ಆಗಾಗ ಬದಲಾಗುತ್ತಿತ್ತು. ನನ್ನ ಪಾತ್ರ ‘ರೋಗ್’, ಎಂದರೆ ಕತ್ತಲಲ್ಲಿ ಇರಿಯುವ ಕಳ್ಳ. ಗೆಳೆಯನದು ಬೇಟೆಗಾರ. ತಾಯಿತ ಇಬ್ಬರಿಗೂ ಒಗ್ಗುತ್ತಿತ್ತು. ಪರದೆಯ ಮೇಲೆ ಮೂರು ಆಯ್ಕೆ ಬಂದವು: ‘ಅಗತ್ಯವಿದೆ’, ‘ಆಸೆಯಿದೆ’, ‘ಬಿಡುತ್ತೇನೆ’. ಇಬ್ಬರೂ ‘ಅಗತ್ಯ’ ಒತ್ತಿದೆವು. ಯಂತ್ರ ಒಂದರಿಂದ ನೂರರೊಳಗೆ ಅಂಕಿ ಎಸೆಯಿತು. ನನ್ನದು ದೊಡ್ಡದಾಯಿತು.

ಇದರಲ್ಲಿ ತಪ್ಪೇನು? ಅದನ್ನು ಹೇಳಬೇಕಾದರೆ ಗೆಳೆಯನ ಬಗ್ಗೆ ಹೇಳಬೇಕು. ಅವನು ಕಾಪು ಕಡೆಯ ಮೀನುಗಾರರ ಮನೆಯವನು. ಅವನ ಅಜ್ಜ ರಂಪಣಿ ಎಳೆದವರು. ರಂಪಣಿ ಎಂದರೆ ಕಡಲಿಗೆ ಬೀಸಿ, ದಡದಲ್ಲಿ ನಿಂತು ಹತ್ತಾರು ಜನ ಹಗ್ಗ ಹಿಡಿದು ಎಳೆಯುತ್ತಿದ್ದ ಉದ್ದದ ಬಲೆ. ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದು ರಂಪಣಿ ಮೂಲೆ ಸೇರಿತು. ಮೊಮ್ಮಗ ಆಟದೊಳಗೂ ಮೀನು ಹಿಡಿಯುತ್ತಿದ್ದ. ಯುದ್ಧಕ್ಕೆ ಮೊದಲು ಇಪ್ಪತ್ತೈದು ಜನರೂ ತಿಂದು ಬಲ ಪಡೆಯುವ ‘ಮೀನಿನ ಔತಣ’ ಎಂಬ ಅಡುಗೆಯೊಂದು ಆ ಆಟದಲ್ಲಿದೆ. ಅದಕ್ಕೆ ಬೇಕಾದ ಮೀನನ್ನು ಯಾರಾದರೂ ಗಂಟೆಗಟ್ಟಲೆ ಗಾಳ ಹಾಕಿ ಕೂತು ಹಿಡಿಯಬೇಕು. ತಿಂಗಳುಗಟ್ಟಲೆ ಹಿಡಿದವನು ಅವನು. ಯಾರೂ ಹೇಳಿರಲಿಲ್ಲ, ಯಾರೂ ಲೆಕ್ಕ ಇಟ್ಟಿರಲಿಲ್ಲ. ಅವನು ಒಂದು ವಾರವೂ ತಪ್ಪಿಸಿರಲಿಲ್ಲ. ನಾನು ಪರೀಕ್ಷೆ, ನಿದ್ದೆ, ಮನೆ ಎಂದು ಅನೇಕ ವಾರ ತಪ್ಪಿಸಿದ್ದೆ. ಅವನು ಹಿಡಿದ ಮೀನು ತಿಂದು ಅವನಿಗೆ ಸಿಗಬೇಕಾದ್ದನ್ನು ನಾನು ಗೆದ್ದೆ.

ಹೀಗೆ ಹೇಳಿದ ತಕ್ಷಣ ‘ಸಿಗಬೇಕಾದ್ದು’ ಎಂದು ಯಾರು ನಿರ್ಧರಿಸಿದರು ಎಂಬ ಪ್ರಶ್ನೆ ಏಳುತ್ತದೆ. ಅಮರ್ತ್ಯ ಸೇನ್ 2009ರಲ್ಲಿ ಪ್ರಕಟಿಸಿದ ‘ದಿ ಐಡಿಯಾ ಆಫ್ ಜಸ್ಟಿಸ್’ ಪುಸ್ತಕದಲ್ಲಿ ಮೂವರು ಮಕ್ಕಳು ಒಂದು ಕೊಳಲಿಗಾಗಿ ವಾದಿಸುತ್ತಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ. ಒಬ್ಬನ ಬಳಿ ಬೇರೆ ಆಟಿಕೆಯೇ ಇಲ್ಲ. ಇನ್ನೊಬ್ಬಳು ಆ ಕೊಳಲನ್ನು ತಿಂಗಳುಗಟ್ಟಲೆ ಕೂತು ಮಾಡಿದವಳು. ಮೂವರ ವಾದವೂ ಗಟ್ಟಿ. ಮೂರರಲ್ಲಿ ಒಂದನ್ನು ನಿರ್ವಿವಾದವಾಗಿ ಆರಿಸಿಕೊಡುವ ಸೂತ್ರ ನಮ್ಮಲ್ಲಿಲ್ಲ ಎನ್ನುವುದೇ ಸೇನ್ ಅವರ ಮಾತಿನ ತಿರುಳು.

ಆನ್‌ಲೈನ್ ಆಟಗಾರರು ಈ ಮೂರು ವಾದಗಳನ್ನೂ ಪುಸ್ತಕ ಓದದೆಯೇ ಕಂಡುಕೊಂಡಿದ್ದರು. 1999ರಲ್ಲಿ ‘ಎವರ್‌ಕ್ವೆಸ್ಟ್’ ಆಟ ಬಂದಾಗಲೇ ಅದರ ತಂಡಗಳು ಅಂಕಗಳ ಪದ್ಧತಿಯೊಂದನ್ನು ಕಟ್ಟಿಕೊಂಡವು. ಯುದ್ಧಕ್ಕೆ ಬಂದಷ್ಟೂ ಅಂಕ, ವಸ್ತು ಬೇಕಾದಾಗ ಆ ಅಂಕ ಖರ್ಚು. ಇದು ಕೊಳಲು ಮಾಡಿದವಳ ನ್ಯಾಯ. ಕೆಲವು ತಂಡಗಳಲ್ಲಿ ಹಿರಿಯರ ಮಂಡಳಿಯೊಂದು ಕೂತು, ಈ ವಸ್ತು ಯಾರ ಕೈಗೆ ಹೋದರೆ ತಂಡಕ್ಕೆ ಹೆಚ್ಚು ಲಾಭ ಎಂದು ಯೋಚಿಸಿ ಕೊಡುತ್ತಿತ್ತು. ಇದು ನುಡಿಸಬಲ್ಲವಳ ನ್ಯಾಯ. ‘ಅಗತ್ಯವಿದೆ’ ಎಂಬ ಗುಂಡಿ ಇಲ್ಲದವನ ನ್ಯಾಯ. ನಾಲ್ಕನೆಯದು ದಾಳ, ಅದು ಯಾರ ಪರವೂ ಅಲ್ಲ. ಪ್ರತಿ ಪದ್ಧತಿಗೂ ಅದರದೇ ಕೇಡು ಇತ್ತು. ಅಂಕಗಳ ಪದ್ಧತಿಯಲ್ಲಿ ಹಳಬರು ಅಂಕ ಕೂಡಿಟ್ಟು ಹೊಸಬರನ್ನು ತುಳಿದರು. ಮಂಡಳಿಯಲ್ಲಿ ಸ್ವಜನಪಕ್ಷಪಾತ ಹೊಕ್ಕಿತು. ‘ಅಗತ್ಯ’ದ ಗುಂಡಿಯನ್ನು ಎಲ್ಲರೂ ಒತ್ತತೊಡಗಿದರು. ಊರಿನ ಸಹಕಾರಿ ಸಂಘವನ್ನೋ ಯುವಕ ಮಂಡಲವನ್ನೋ ಹತ್ತಿರದಿಂದ ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ನಮ್ಮ ತಂಡದಲ್ಲಿ ಇದ್ದದ್ದು ದಾಳ. ಎಲ್ಲರೂ ಒಪ್ಪಿದ್ದ ನಿಯಮ. ಹಾಗಾಗಿ ನನ್ನ ಮೇಲೆ ಯಾರೂ ದೂರು ಹೇಳುವಂತಿರಲಿಲ್ಲ, ಗೆಳೆಯನೂ ಹೇಳಲಿಲ್ಲ. ನನ್ನ ಅಳುಕಿನ ಮೂಲ ಇರುವುದು ಇನ್ನೊಂದು ನಿಯಮದಲ್ಲಿ.

ಇಂಥ ವಸ್ತುಗಳು ಗೆದ್ದವನಿಗೆ ಅಂಟಿಕೊಳ್ಳುತ್ತವೆ. ಆಟದ ಭಾಷೆಯಲ್ಲಿ ಅದು ‘ಸೋಲ್‌ಬೌಂಡ್’, ಆತ್ಮಕ್ಕೆ ಕಟ್ಟಿದ್ದು. ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಆದರೆ 2009ರಲ್ಲಿ ಆಟ ಮಾಡಿದ ಕಂಪನಿ ಒಂದು ಸಡಿಲಿಕೆ ತಂದಿತ್ತು. ವಸ್ತು ಸಿಕ್ಕ ಎರಡು ಗಂಟೆಯೊಳಗೆ, ಆ ಯುದ್ಧದಲ್ಲಿ ಜೊತೆಗಿದ್ದ ಅರ್ಹರಿಗೆ ಅದನ್ನು ವರ್ಗಾಯಿಸಬಹುದು. ತಪ್ಪಿ ಬೇರೆಯವರ ಕೈ ಸೇರಿದ್ದನ್ನು ಸರಿಪಡಿಸಿಕೊಳ್ಳಲಿ ಎಂದು ಮಾಡಿದ ಅನುಕೂಲ ಅದು. ವಸ್ತುವಿನ ಮೇಲೆ ಬಾಣದ ಗುರುತು ಇಟ್ಟರೆ ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಕಾಣುತ್ತಿತ್ತು.

ದಾಳ ಉರುಳಿದ್ದು ನನ್ನ ಕೈಯಲ್ಲಿರಲಿಲ್ಲ. ಆ ಎರಡು ಗಂಟೆ ನನ್ನ ಕೈಯಲ್ಲಿತ್ತು.

ಯುದ್ಧ ಮುಗಿದಾಗ ಸುಮಾರು ಎರಡು ಗಂಟೆ ರಾತ್ರಿ. ಗೆಳೆಯ ಹೆಡ್‌ಫೋನ್ ತೆಗೆದಿಟ್ಟು, “ಬಾ ಮಾರಾಯ, ಜೋಡುಕಟ್ಟೆಗೆ ಹೋಗುವ. ಮೆರವಣಿಗೆ ಹೊರಡುವ ಹೊತ್ತಾಯ್ತು” ಎಂದ. “ನೀನು ಹೋಗು, ನಾನು ಆಮೇಲೆ ಬರ್ತೇನೆ” ಎಂದೆ. ಅವನು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಹಾಕುತ್ತಿದ್ದನೋ, ಕಾಯುತ್ತಿದ್ದನೋ ತಿಳಿಯದು. ಆಮೇಲೆ ಹೋದ. ನಾನು ತಾಯಿತ ತೊಟ್ಟ ನನ್ನ ಪಾತ್ರವನ್ನು ಅತ್ತ ಇತ್ತ ತಿರುಗಿಸಿ ನೋಡುತ್ತ ಕೂತೆ. ಉಳಿದ ನಿಮಿಷಗಳು ಇಳಿಯುತ್ತ ಹೋದವು. ದೂರದಲ್ಲಿ ಚೆಂಡೆಯ ಸದ್ದು ಏರುತ್ತಿತ್ತು. ಮುಂದಿನ ಭಾನುವಾರ ಔತಣಕ್ಕೆ ಮೀನು ಇರಲಿಲ್ಲ. ಅವನೂ ಕ್ರಮೇಣ ಆಟಕ್ಕೆ ಬರುವುದನ್ನು ಬಿಟ್ಟ.

2010ರ ಡಿಸೆಂಬರ್ 7ಕ್ಕೆ ಆಟದ ಮುಂದಿನ ಭಾಗ ಬಿಡುಗಡೆಯಾಯಿತು. ಕೊನೆಯ ಹಂತ 85ಕ್ಕೆ ಏರಿತು. ಹೊಸ ನಾಡಿನಲ್ಲಿ ಬರಬರುತ್ತಲೇ ಸಿಗುವ ಸಾಮಾನ್ಯ ವಸ್ತುಗಳ ಮುಂದೆ ಹಿಂದಿನ ವರ್ಷದ ರತ್ನಗಳು ಒಂದೊಂದಾಗಿ ಮಂಕಾದವು. ತಾಯಿತ ಪೆಟ್ಟಿಗೆಯ ತಳ ಸೇರಿತು. ಇದು ಅಪಘಾತವೇನೂ ಅಲ್ಲ, ಇಂಥ ಆಟಗಳು ನಡೆಯುವುದೇ ಹೀಗೆ. ಹಳೆಯದು ಬೆಲೆ ಕಳೆದುಕೊಳ್ಳದಿದ್ದರೆ ಹೊಸದಕ್ಕಾಗಿ ಯಾರೂ ಓಡುವುದಿಲ್ಲ, ತಿಂಗಳ ಶುಲ್ಕವನ್ನೂ ಕಟ್ಟುವುದಿಲ್ಲ.

ಆಗ ನನಗೆ ನಾನೇ ಹೇಳಿಕೊಂಡ ಸಮಾಧಾನ ಹೀಗಿತ್ತು: ಹೇಗೂ ಕಸವಾಗುವ ವಸ್ತು, ಯಾರ ಬಳಿ ಇದ್ದರೇನು? ಕೇಳಲು ವೈರಾಗ್ಯದ ಮಾತಿನ ಹಾಗಿದೆ. ಆದರೆ ಅದನ್ನು ಹೇಳುತ್ತಿದ್ದವನು ವಸ್ತು ಇಟ್ಟುಕೊಂಡವನು ಎಂಬುದನ್ನು ಗಮನಿಸಬೇಕು. ಊಟವೂ ಮರುದಿನಕ್ಕೆ ಉಳಿಯುವುದಿಲ್ಲ, ಎಲೆ ಎತ್ತಿದ ಮೇಲೆ ಅದೂ ಕಸವೇ. ಹಾಗೆಂದು ಪಂಕ್ತಿಯಿಂದ ಒಬ್ಬನನ್ನು ಎಬ್ಬಿಸಿದ್ದು ಸಣ್ಣದಾಗುತ್ತದೆಯೇ? ಪಂಕ್ತಿಭೇದದ ವಾದವಿವಾದ ಕಂಡ ಉಡುಪಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನ್ನ ಅರಗುತ್ತದೆ, ಅವಮಾನ ಅರಗುವುದಿಲ್ಲ. ಹಂಚಿದ ವಸ್ತು ಎಷ್ಟು ದಿನ ಬಾಳಿತು ಎಂಬುದರಿಂದ ಹಂಚಿಕೆಯ ಸರಿತಪ್ಪನ್ನು ಅಳೆಯಲು ಬರುವುದಿಲ್ಲ. ನಿಜ ಹೇಳಬೇಕೆಂದರೆ ವಸ್ತುವಿನ ಬೆಲೆ ಅಲ್ಪವಾದಷ್ಟೂ ಬಿಟ್ಟುಕೊಡದ ನನ್ನ ಜಿಪುಣತನ ದೊಡ್ಡದಾಗಿ ಕಾಣುತ್ತದೆ.

ಇಂಥ ಮನಸ್ತಾಪಗಳು ಲೆಕ್ಕವಿಲ್ಲದಷ್ಟು ಆಗಿರಬೇಕು. 2018ರಲ್ಲಿ ಕಂಪನಿ ಹಂಚುವ ಕೆಲಸವನ್ನೇ ಆಟಗಾರರಿಂದ ಕಿತ್ತುಕೊಂಡಿತು. ಯಾರಿಗೆ ಏನು ಎಂದು ಯಂತ್ರವೇ ನಿರ್ಧರಿಸಿ ಅವರವರ ಚೀಲಕ್ಕೆ ನೇರವಾಗಿ ಹಾಕತೊಡಗಿತು. ಜಗಳ ಕಡಿಮೆಯಾಯಿತು. ತಂಡದ ನಾಯಕನ ದಬ್ಬಾಳಿಕೆಗೆ ಸಿಕ್ಕುತ್ತಿದ್ದ ಹೊಸಬರಿಗೆ ಅದರಿಂದ ರಕ್ಷಣೆ ಸಿಕ್ಕಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಅನೇಕ ಹಳೆಯ ಆಟಗಾರರು ಗೊಣಗಿದರು. 2022ರಲ್ಲಿ ಗುಂಪಾಗಿ ಹಂಚಿಕೊಳ್ಳುವ ಪದ್ಧತಿ ದೊಡ್ಡ ಯುದ್ಧಗಳಿಗೆ ಮರಳಿ ಬಂತು. ಜಗಳವೂ ಜೊತೆಗೆ ಬಂದಿರಬೇಕು. ಯಾರಿಗೆ ಎಷ್ಟು ಎಂದು ಯಂತ್ರವೇ ಅಳೆದು ಕೊಟ್ಟರೆ ಅನ್ಯಾಯ ಮಾಡುವ ಅವಕಾಶ ತಪ್ಪುತ್ತದೆ. ಜೊತೆಗೆ, “ಇದು ನಿನಗಿರಲಿ” ಎನ್ನುವ ಅವಕಾಶವೂ ತಪ್ಪುತ್ತದೆ. ಜಗಳವಿಲ್ಲದ ಜಾಗದಲ್ಲಿ ಔದಾರ್ಯಕ್ಕೂ ಕೆಲಸವಿಲ್ಲ. ನಾನು ಸೋತ ಆ ಎರಡು ಗಂಟೆಯನ್ನು ಯಾರಾದರೂ ನಿಯಮ ಮಾಡಿ ತೆಗೆದುಹಾಕಿದ್ದರೆ ನನಗೆ ಅಳುಕು ಇರುತ್ತಿರಲಿಲ್ಲ. ಆದರೆ ಅದರಿಂದ ನಾನು ಒಳ್ಳೆಯವನಾಗುತ್ತಿರಲಿಲ್ಲ.

ಈ ವರ್ಷ ಜನವರಿ 18ಕ್ಕೆ ಪರ್ಯಾಯದ ಸರದಿ ಮತ್ತೆ ಶೀರೂರು ಮಠಕ್ಕೆ ಬಂತು. ಎಂಟು ಮಠ, ಎರಡೆರಡು ವರ್ಷ, ಹದಿನಾರು ವರ್ಷಕ್ಕೊಂದು ಸುತ್ತು. 2010ರಲ್ಲಿ ಪೀಠವೇರಿದ್ದ ಶ್ರೀ ಲಕ್ಷ್ಮೀವರ ತೀರ್ಥರು 2018ರಲ್ಲಿ ತೀರಿಕೊಂಡರು. ಅಕ್ಷಯ ಪಾತ್ರೆ ಮತ್ತು ಸಟ್ಟುಗ ಮಾತ್ರ ಕೈಯಿಂದ ಕೈಗೆ ದಾಟುತ್ತಲೇ ಇವೆ. ಈ ಪದ್ಧತಿಯನ್ನು ಆದರ್ಶವೆಂದು ಎತ್ತಿ ಹಿಡಿಯುತ್ತಿಲ್ಲ, ಸರದಿ ತಿರುಗುವುದು ಎಂಟರೊಳಗೆ ಮಾತ್ರ. ಆದರೂ ಆ ಊರಿನಲ್ಲಿ ಅಧಿಕಾರದ ಗುರುತಾಗಿ ಕೈಗೆ ಕೊಡುವುದು ಬಡಿಸುವ ಸಟ್ಟುಗವನ್ನು, ಅದೂ ಹಿಂದಿರುಗಿಸುವ ದಿನ ಗೊತ್ತಿರುವಾಗಲೇ ಕೊಡುವುದು ಎಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಆ ರಾತ್ರಿ ಇಡೀ ಊರು ಅದನ್ನು ನೋಡಲು ಹೊರಟಿತ್ತು. ನಾನು ಕೋಣೆಯಲ್ಲಿ ಕೂತು ಒಂದು ವಸ್ತು ನನಗೆ ಅಂಟಿಕೊಳ್ಳಲಿ ಎಂದು ಕಾಯುತ್ತಿದ್ದೆ.

ಗೆಳೆಯ ಈಗ ಬೇರೆ ಊರಿನಲ್ಲಿದ್ದಾನೆ. ಪರ್ಯಾಯದ ನೆಪದಲ್ಲಿ ಫೋನ್ ಮಾಡಿ, ಇಷ್ಟು ವರ್ಷ ಹೇಳದೆ ಉಳಿದಿದ್ದನ್ನು ಹೇಳಿದೆ. ಅವನಿಗೆ ತಾಯಿತದ ಹೆಸರೂ ನೆನಪಿರಲಿಲ್ಲ. “ಅದೆಲ್ಲ ಯಾಕೆ ಈಗ? ನೀನು ಅವತ್ತು ಪರ್ಯಾಯಕ್ಕೆ ಬರ್ಲಿಲ್ಲ, ಅದು ನೆನಪುಂಟು” ಎಂದು ನಕ್ಕ. ಕಳೆದುಕೊಂಡವನೇ ಮರೆತ ಮೇಲೆ ತಪ್ಪು ಉಳಿಯುತ್ತದೆಯೇ? ಅವನ ಲೆಕ್ಕದಲ್ಲಿ ಉಳಿದಿಲ್ಲದಿರಬಹುದು. ನನ್ನ ಲೆಕ್ಕದಲ್ಲಿ ಉಳಿದಿದೆ. ಕೆಲಸದಲ್ಲಿ, ಮನೆಯ ಪಾಲುಪಟ್ಟಿಯಲ್ಲಿ, ಎಲ್ಲಾದರೂ ನಿಯಮ ನನ್ನ ಪರವಾಗಿದ್ದಾಗಲೆಲ್ಲ, ವಸ್ತು ನನಗೆ ಅಂಟಿಕೊಳ್ಳಲು ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ಕೆಲವೊಮ್ಮೆ ಆ ಹೊತ್ತಿನೊಳಗೆ ಕೊಟ್ಟಿದ್ದೇನೆ. ಕೆಲವೊಮ್ಮೆ, ಅಂದಿನ ಹಾಗೆಯೇ, ನಿಮಿಷಗಳು ಇಳಿಯುವುದನ್ನು ನೋಡುತ್ತ ಸುಮ್ಮನೆ ಕೂತಿದ್ದೇನೆ.