ಬುಡದ ಗಂಟು ಕೀಳದೆ ಜಾಲಿ ಸಾಯದು

ಓಂ ಶ್ರೀ ಗುರುಬಸವಲಿಂಗಾಯ ನಮಃ



ಮುಂಗಾರಿನ ಮೋಡ ಕಾಣುವ ಹೊತ್ತಿಗೆ ನಮ್ಮ ಕಡೆಯ ಹೊಲಗಳಲ್ಲಿ ಟ್ರ್ಯಾಕ್ಟರಿನ ಸದ್ದು ಏಳುತ್ತದೆ. ವರ್ಷಗಟ್ಟಲೆ ಬೀಳುಬಿದ್ದ ಹೊಲ, ಹಳ್ಳದ ದಂಡೆ, ಬದುಗಳ ಮೇಲೆ ಒತ್ತಾಗಿ ಬೆಳೆದ ಬಳ್ಳಾರಿ ಜಾಲಿಯನ್ನು ಕಿತ್ತು ನೆಲ ಹಸನು ಮಾಡುವ ಕಾಲವದು. ಇದನ್ನೇ ರಾಯದುರ್ಗ, ಆದೋನಿ ಕಡೆಯ ತೆಲುಗು ನೆರೆಯವರು ಸರ್ಕಾರು ತುಮ್ಮ ಎನ್ನುತ್ತಾರೆ. ಜತ್ತ, ಅಕ್ಕಲಕೋಟೆಯ ಮರಾಠಿ ನೆರೆಯವರು ವೇಡಿ ಬಾಭೂಳ, ಅಂದರೆ ಹುಚ್ಚು ಜಾಲಿ ಎನ್ನುತ್ತಾರೆ. ತಾಳವಾಡಿಯ ಭಕ್ತರಿಗೆ ಜಾಲಿಗಿಂತ ಲಂಟಾನದ ಕಾಟ ಹೆಚ್ಚು. ಈ ಸಲ ಆ ಮುಳ್ಳನ್ನೇ ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳಬೇಕೆನಿಸಿದೆ. ಸ್ವಾಮಿಗಳಿಗೆ ಜಾಲಿಯ ಗೊಡವೆ ಏಕೆಂದು ಯಾರೂ ಕೇಳಬಾರದು. ಒಕ್ಕಲಿಗ ಮುದ್ದಣ್ಣನು ಒಕ್ಕಲುತನದ ಮಾತಿನಲ್ಲಿಯೇ ಶಿವಾನುಭವವನ್ನು ಹೇಳಿದ ಶರಣ. ಕಾಯಕದಲ್ಲಿ ಕಣ್ಣಿಟ್ಟವನಿಗೆ ಹೊಲವೇ ಅನುಭವ ಮಂಟಪ.

ಈ ಜಾಲಿ ನಮ್ಮ ನಾಡಿನದಲ್ಲ, ಅಮೆರಿಕ ಖಂಡದ ಗಿಡ. 1877ರಲ್ಲಿ ಜಮೈಕಾದ ಬೀಜವನ್ನು ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಉರುವಲಿಗೆ ಆದೀತು, ಬರಡು ನೆಲ ಹಸಿರಾದೀತು ಎಂಬುದು ತಂದವರ ಎಣಿಕೆ. ಆ ಎಣಿಕೆ ಪೂರ್ತಿ ಸುಳ್ಳಾಗಲಿಲ್ಲ, ಎಷ್ಟೋ ಬಡವರ ಒಲೆ ಇದರಿಂದ ಉರಿದಿದೆ. ಆದರೆ ಒಂದು ಮೂಲೆಗೆಂದು ಕರೆತಂದದ್ದು ಸೀಮೆಯನ್ನೆಲ್ಲ ಆಕ್ರಮಿಸಿತು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. 1956ರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಗಡಿಯ ಆಚೆಯೇ ಉಳಿದವು. ಮನುಷ್ಯರ ನಡುವೆ ಗೆರೆ ಬಿತ್ತು, ಜಾಲಿ ಮಾತ್ರ ಯಾವ ಗೆರೆಯನ್ನೂ ಲೆಕ್ಕಿಸದೆ ಎರಡೂ ಕಡೆ ಬೆಳೆಯಿತು.

ಇದು ಹಬ್ಬುವ ಬಗೆಯನ್ನು ಸ್ವಲ್ಪ ಗಮನಿಸಿರಿ. ಇದರ ಹಸಿ ಎಲೆಗೆ ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕಾಯಿ ಮಾತ್ರ ಸಿಹಿ. ಬೇಸಿಗೆಯಲ್ಲಿ ಹಸಿದ ಆಡು, ಕುರಿ, ದನಗಳು ಆ ಕಾಯಿಯನ್ನು ಆಸೆಯಿಂದ ತಿನ್ನುತ್ತವೆ. ತಿರುಳು ಜೀರ್ಣವಾಗುತ್ತದೆ, ಗಟ್ಟಿ ಬೀಜ ಜೀರ್ಣವಾಗದೆ ಹಿಕ್ಕೆ, ಸಗಣಿಯ ಜೊತೆ ಮತ್ತೊಬ್ಬರ ಹೊಲದಲ್ಲಿ ಬೀಳುತ್ತದೆ. ಬೀಳುವಾಗಲೇ ಗೊಬ್ಬರವನ್ನೂ ಕೂಡಿಸಿಕೊಂಡು ಬೀಳುತ್ತದೆ! ಚಾಡಿಮಾತಿನ ಗತಿಯೂ ಇದೇ ಅಲ್ಲವೇ? ಕೇಳುವಾಗ ಕಿವಿಗೆ ಸಿಹಿ. ಕೇಳಿದವನು ಅದನ್ನು ಅರಗಿಸಿಕೊಳ್ಳಲಾರ. ಇನ್ನೊಂದು ಮನೆಯ ಜಗುಲಿಯ ಮೇಲೆ ಕುಳಿತು ಉದುರಿಸಿ ಬರುತ್ತಾನೆ. ತನ್ನದಿಷ್ಟು ಸೇರಿಸಿಯೇ ಉದುರಿಸುತ್ತಾನೆ. ಮರುವರ್ಷ ಆ ಮನೆಯಲ್ಲಿ ಮುಳ್ಳು ಎದ್ದಾಗ ಬೀಜ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಕೀಳುವ ಮಾತಿಗೆ ಬರೋಣ. ಕೊಡಲಿಯಿಂದ ಮೊಣಕಾಲೆತ್ತರಕ್ಕೆ ಕಡಿದರೆ ನಾಲ್ಕು ದಿನ ಹೊಲ ಬಯಲಾಗಿ ಕಾಣುತ್ತದೆ. ಒಂದು ಮಳೆ ಬಿದ್ದರೆ ಸಾಕು, ಕಡಿದ ಒಂದು ಬೊಡ್ಡೆಯಿಂದ ಐದಾರು ಚಿಗುರು ಏಳುತ್ತವೆ. ಮೊದಲು ಮರವಾಗಿದ್ದದ್ದು ಈಗ ಪೊದೆಯಾಗುತ್ತದೆ, ಒಳಗೆ ಕೈ ಹಾಕಲೂ ಬಾರದು. ಟ್ರ್ಯಾಕ್ಟರನ್ನು ಮೇಲೆ ಮೇಲೆ ಓಡಿಸಿ ಪುಡಿ ಮಾಡಿದವರದೂ ಅದೇ ಕಥೆ. ಟೈರಿಗೆ ಮುಳ್ಳು ನಟ್ಟು ಪಂಕ್ಚರ್ ಆದದ್ದೇ ಲಾಭ.

ಹಾಗಾದರೆ ಬೇರಿನ ತುದಿಯವರೆಗೂ ಅಗೆಯಬೇಕೆ? ಅದು ಆಗದ ಮಾತು. ಇದರ ತಾಯಿಬೇರು ಹತ್ತಾರು ಅಡಿ ಕೆಳಗೆ ನೀರು ಹುಡುಕಿಕೊಂಡು ಹೋಗಿರುತ್ತದೆ. ಆದರೆ ಅನುಭವಸ್ಥ ರೈತನಿಗೆ ಒಂದು ಗುಟ್ಟು ಗೊತ್ತು. ಚಿಗುರೊಡೆಯುವ ಕಣ್ಣುಗಳಿರುವುದು ಬೇರಿನ ತುದಿಯಲ್ಲಲ್ಲ, ನೆಲದಿಂದ ಸುಮಾರು ಒಂದು ಅಡಿಯೊಳಗೆ ಇರುವ ಬುಡದ ಗಂಟಿನಲ್ಲಿ. ಬುಡ ಬಿಡಿಸಿ, ಸರಪಳಿ ಬಿಗಿದು, ಟ್ರ್ಯಾಕ್ಟರಿನಿಂದ ಆ ಗಂಟನ್ನು ಎಳೆದು ಹಾಕಿದರೆ ಕೆಳಗೆ ಉಳಿದ ಬೇರು ತಾನಾಗಿಯೇ ಕೊಳೆತು ಮಣ್ಣಾಗುತ್ತದೆ. ದೊಡ್ಡ ಮರವಾದರೆ ಜೆಸಿಬಿ ಬೇಕಾದೀತು, ಕೆಲಸ ಮಾತ್ರ ಅದೇ.

ಸದ್ಭಕ್ತರೇ, ಈ ಗುಟ್ಟು ಸಂಸಾರಕ್ಕೂ ಸಲ್ಲುತ್ತದೆ. ಗಡಿನಾಡಿನ ಊರುಗಳಲ್ಲಿ ಇಂದು ಅಣ್ಣತಮ್ಮಂದಿರ ನಡುವೆ ಬೆಳೆದ ಜಾಲಿ ಹೊಲದ ಜಾಲಿಗಿಂತ ದಟ್ಟವಾಗಿದೆ. ಪಂಚರು ಕೂಡಿಸಿ ಕೈ ಕುಲುಕಿಸುವುದು ಮೊಣಕಾಲೆತ್ತರಕ್ಕೆ ಕಡಿದಂತೆ. ಅಜ್ಜನ ಕಾಲದಲ್ಲಿ ಯಾರು ಯಾರಿಗೆ ಏನೆಂದರು, ಪಾಲಿನಲ್ಲಿ ಯಾವ ಎತ್ತು ಯಾರಿಗೆ ಹೋಯಿತು ಎಂದು ಕೆದಕುತ್ತ ಕೂಡುವುದು ಬೇರಿನ ತುದಿ ಹುಡುಕಿದಂತೆ, ಅದಕ್ಕೆ ಕೊನೆಯಿಲ್ಲ. ಚಿಗುರೊಡೆಯುವ ಗಂಟು ಬೇರೆಯೇ ಇದೆ. ನಾನು ಮೊದಲು ಹೇಗೆ ಹೋಗಲಿ, ನಾನೇಕೆ ಬಗ್ಗಲಿ ಎಂಬ ಅಹಂಕಾರವೇ ಆ ಗಂಟು. ಅದು ಬಹಳ ಆಳದಲ್ಲೇನೂ ಇಲ್ಲ. ಕೈಗೆ ಸಿಕ್ಕುವಷ್ಟು ಮೇಲೆಯೇ ಇದೆ.

ಇದಕ್ಕೊಂದು ದೃಷ್ಟಾಂತ. ಒಂದೂರಿನಲ್ಲಿ ಇಬ್ಬರು ಅಣ್ಣತಮ್ಮಂದಿರು. ನಡುವಿನ ಬದುವಿನ ಸಲುವಾಗಿ ವ್ಯಾಜ್ಯ ಹೂಡಿ ಹತ್ತು ವರ್ಷ ಮಾತು ಬಿಟ್ಟರು. ಬದುವನ್ನು ಇವನು ಮುಟ್ಟಿದರೆ ಅವನು ಬಿಡ, ಅವನು ಮುಟ್ಟಿದರೆ ಇವನು ಬಿಡ. ಯಾರೂ ಮುಟ್ಟದ ಬದುವಿನಲ್ಲಿ ಜಾಲಿ ಬೆಳೆದು ಎರಡೂ ಹೊಲಕ್ಕೆ ಇಳಿಯಿತು. ಅಣ್ಣ ಟ್ರ್ಯಾಕ್ಟರ್ ಕರೆಸಿ ತನ್ನ ಪಾಲನ್ನು ಹಸನು ಮಾಡಿಸಿದ. ಎರಡು ವರ್ಷದಲ್ಲಿ ಮತ್ತೆ ಮುಳ್ಳು ತುಂಬಿತು. ಮತ್ತೆ ಕರೆಸಿದಾಗ ಟ್ರ್ಯಾಕ್ಟರಿನ ಮುದುಕ ಹೇಳಿದ: “ಯಜಮಾನ್ರೇ, ಗಾಡಿ ನಿಮ್ಮ ಹೊಲಕ್ಕ ಕರಸೀರಿ. ಬೀಜ ಬದುವಿನಾಗ ಐತಿ. ಬದುವಿಗೆ ನಿಮ್ಮ ತಮ್ಮನೂ ಬರಬೇಕು.”

ಅಂದು ರಾತ್ರಿ ಅಣ್ಣ ಪೂಜೆಗೆ ಕುಳಿತ. ಅಂಗೈಯಲ್ಲಿ ಲಿಂಗವಿದೆ, ಕಣ್ಣೆದುರಿಗೆ ಬದು ಬಂದು ನಿಲ್ಲುತ್ತಿದೆ. ಪೂಜೆ ಮುಗಿಸಿ ಎದ್ದವನು ನೇರವಾಗಿ ತಮ್ಮನ ಮನೆಯ ಬಾಗಿಲಿಗೆ ಹೋದ. “ತಮ್ಮಾ, ನಾಳೆ ಟ್ರ್ಯಾಕ್ಟರ್ ಬರತೈತಿ. ಬದು ಎಲ್ಲಿರಬೇಕು ನೀನೇ ನಿಂತು ತೋರಸು” ಎಂದ. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಒಳಗ ಬಾ ಅಣ್ಣಾ. ಅಪ್ಪ ನೆಟ್ಟ ಬಾಂದಕಲ್ಲು ಆ ಜಾಲಿಯೊಳಗೇ ಐತಿ. ಕಿತ್ತ ಮ್ಯಾಲೆ ಕಲ್ಲು ಹೇಳತೈತಿ ಬಿಡು” ಎಂದ. ಮರುದಿನ ಇಬ್ಬರೂ ನಿಂತು ಕೀಳಿಸಿದರು. ಕಲ್ಲು ಸಿಕ್ಕಿತು. ಅದು ಅಣ್ಣ ಹೇಳಿದಲ್ಲಿಯೂ ಇರಲಿಲ್ಲ, ತಮ್ಮ ಹೇಳಿದಲ್ಲಿಯೂ ಇರಲಿಲ್ಲ. ಇಬ್ಬರ ನಡುವೆ ಇತ್ತು. ಹತ್ತು ವರ್ಷ ಸತ್ಯ ಅಲ್ಲಿಯೇ ಇದ್ದರೂ ಮುಳ್ಳು ಅದನ್ನು ಮುಚ್ಚಿಟ್ಟಿತ್ತು.

ಕೀಳುವುದಕ್ಕೂ ಒಂದು ಹದವಿದೆ. ನೆಲ ಕಲ್ಲಿನಂತೆ ಗಟ್ಟಿಯಾದಾಗ ಎಳೆದರೆ ಸರಪಳಿ ಹರಿಯುತ್ತದೆ, ಗಂಟು ಬರುವುದಿಲ್ಲ. ಒಂದು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಸಣ್ಣ ಸಸಿ ಕೈಯಿಂದಲೇ ಬೇರು ಸಹಿತ ಬರುತ್ತದೆ. ಮನಸ್ಸಿಗೂ ಅಂಥ ಹದದ ದಿನಗಳುಂಟು. ಅವ್ವ ಹಾಸಿಗೆ ಹಿಡಿದ ದಿನ, ಮನೆಯ ಮಗಳನ್ನು ಗಂಡನ ಮನೆಗೆ ಕಳಿಸುವ ದಿನ, ಬಸವ ಜಯಂತಿಗೆ ಊರೆಲ್ಲ ಒಂದೆಡೆ ಸೇರುವ ದಿನ. ಅಂಥ ದಿನ ಬಂದಾಗ ಬಿಡಬೇಡಿ. ಒಣಗಿದ ಮೇಲೆ ಅದೇ ಕೆಲಸಕ್ಕೆ ಹತ್ತು ಪಟ್ಟು ಬಲ ಬೇಕು.

ವ್ಯಾಪಾರಸ್ಥ ಭಕ್ತರು ತಮಗೆ ಹೊಲವಿಲ್ಲವೆಂದು ಸಮಾಧಾನ ಪಡಬೇಕಾಗಿಲ್ಲ. ಅಂಗಡಿಯ ಖಾತೆಪುಸ್ತಕದಲ್ಲಿಯೂ ಬೀಳುಬಿದ್ದ ಹಾಳೆಗಳುಂಟು. ಹಳೆಯ ಉದ್ರಿ, ತೀರದ ಪಾಲುದಾರಿಕೆ, ತೂಕದಲ್ಲಿ ಉಳಿಸಿಕೊಂಡ ನಾಲ್ಕು ಕಾಳು. ಸಣ್ಣದಿದ್ದಾಗಲೇ ಎದುರು ಕೂತು ಚುಕ್ತಾ ಮಾಡಿಕೊಂಡರೆ ಸ್ನೇಹ ಉಳಿಯುತ್ತದೆ. ಸತ್ಯಶುದ್ಧ ಕಾಯಕದ ಹಣದಿಂದಲ್ಲದೆ ದಾಸೋಹವಿಲ್ಲವೆಂಬುದನ್ನು ಶರಣರು ಬದುಕಿ ತೋರಿಸಿದ್ದಾರೆ.

ಒಂದು ಎಚ್ಚರಿಕೆಯ ಮಾತು. ಮುಳ್ಳಿದ್ದದ್ದೆಲ್ಲ ಕೆಟ್ಟದ್ದೆಂದು ಟ್ರ್ಯಾಕ್ಟರ್ ಹಾಯಿಸಬೇಡಿ. ನಮ್ಮ ಕರಿಜಾಲಿಗೂ ಮುಳ್ಳಿದೆ, ಆದರೆ ಹಿರಿಯರ ನೇಗಿಲು, ಕುಂಟೆ, ಬಂಡಿಗಳಿಗೆ ಅದೇ ಮರ ಆಧಾರವಾಗಿತ್ತು. ಬನ್ನಿಗೂ ಮುಳ್ಳಿದೆ, ಅದರ ಕೆಳಗೆ ಬೆಳೆ ಬರುತ್ತದೆ, ಸೊಪ್ಪು ಆಡಿಗೆ ಮೇವು. ಸಸ್ಯಶಾಸ್ತ್ರದವರು ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಬಹುಕಾಲ ಒಂದೇ ಕುಲದಲ್ಲಿ ಎಣಿಸಿದರು. ಕುಲ ಒಂದೇ, ನಡೆ ಬೇರೆ! ಕುಲದಿಂದ ಅಳೆಯಬೇಡಿ, ನಡೆಯಿಂದ ಅಳೆಯಿರಿ ಎಂಬ ಬಸವ ಧರ್ಮದ ಮಾತಿಗೆ ನಮ್ಮ ಬದುವಿನಲ್ಲೇ ಸಾಕ್ಷಿಯಿದೆ. ಮನೆಯಲ್ಲಿ ಬಿರುಸಾಗಿ ಮಾತಾಡುವ ಹಿರಿಯರೂ ಕೆಲವೊಮ್ಮೆ ಬನ್ನಿಯಂತೆ. ಮುಳ್ಳು ಕಂಡಿತೆಂದು ಅವರ ನೆರಳನ್ನು ಕಳೆದುಕೊಳ್ಳಬಾರದು.

ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ಇಲ್ಲಿ ನೆನೆಯಲೇಬೇಕು. ಇಂದಿನ ಸೊಲ್ಲಾಪುರದ ಕೆರೆಯನ್ನು ಕಟ್ಟಿಸಿದ ಮಹಾ ಕರ್ಮಯೋಗಿ ಅವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಹೊರಗೆ ಇಷ್ಟು ಅಗೆದವರು ಒಳಗೂ ನೋಡಬೇಕೆಂದು ಎಚ್ಚರಿಸಿ ಕಲ್ಯಾಣಕ್ಕೆ ಕರೆದೊಯ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಅದರಿಂದ ಕೆರೆ ಕಟ್ಟಿದ ಕೆಲಸ ಸಣ್ಣದಾಗಲಿಲ್ಲ. ಕೆರೆಯ ನೀರನ್ನು ಜನ ಕುಡಿದರು, ಕಟ್ಟಿಸಿದವರು ಒಳಗೂ ಬೆಳಗಿದರು. ಹೊಲದ ಜಾಲಿಯನ್ನು ಕೀಳಿಸುವ ಭಕ್ತನಿಗೂ ನಾವು ಹೇಳುವುದು ಇಷ್ಟೇ. ಕೀಳಿಸು, ಆದರೆ ಅಷ್ಟಕ್ಕೆ ನಿಲ್ಲಬೇಡ.

ಈ ಮುಂಗಾರಿಗೆ ಮುನ್ನ ಮಠದ ಭಕ್ತರು ಮೂರು ಕೆಲಸ ಮಾಡಬೇಕು. ಮಾತು ಬಿಟ್ಟ ಒಬ್ಬ ಒಡಹುಟ್ಟಿದವರ ಬಾಗಿಲಿಗೆ ತಾವಾಗಿ ಹೋಗಬೇಕು. ನಡುವಿನ ಬದುವನ್ನು ಇಬ್ಬರೂ ಕೂಡಿ, ಟ್ರ್ಯಾಕ್ಟರಿನ ಬಾಡಿಗೆ ಹಂಚಿಕೊಂಡು ಹಸನು ಮಾಡಿಸಬೇಕು. ಕಿತ್ತ ಕಟ್ಟಿಗೆಯನ್ನು ಹೊಲದಲ್ಲೇ ಸುಡದೆ, ಉರುವಲಿಲ್ಲದ ಮನೆಗೂ ಇದ್ದಿಲು ಸುಟ್ಟು ಬದುಕುವವರಿಗೂ ಕೊಡಬೇಕು, ಅದೂ ದಾಸೋಹವೇ. ಕಿತ್ತ ಮೇಲೆ ಮರೆತು ಕೂಡಬೇಡಿ. ಮಣ್ಣಿನಲ್ಲಿ ಉಳಿದ ಬೀಜ ವರ್ಷಗಟ್ಟಲೆ ಮೊಳೆಯುತ್ತಿರುತ್ತದೆ. ಪ್ರತಿ ಮಳೆಗೂ ಬದುವಿನ ಮೇಲೊಮ್ಮೆ ನಡೆದು ಎಳೆಯ ಸಸಿ ಕಂಡಲ್ಲಿ ಕೀಳಿರಿ. ಒಳಗಿನ ಸಸಿಗಳಿಗೆ ದಿನದ ಇಷ್ಟಲಿಂಗ ಪೂಜೆಯೇ ಆ ನಡಿಗೆ.

ನಿಮ್ಮ ಹೊಲಗಳು ಹಸನಾಗಲಿ, ಬದುವಿನ ಎರಡೂ ಕಡೆ ಬೆಳೆ ಬರಲಿ, ಮುಂದಿನ ಕಣದ ರಾಶಿಗೆ ಅಣ್ಣತಮ್ಮಂದಿರು ಕೂಡಿ ನಿಲ್ಲುವಂತಾಗಲಿ ಎಂದು ಗುರುಬಸವಣ್ಣನವರಲ್ಲಿ ಪ್ರಾರ್ಥಿಸಿ ಹರಸುತ್ತೇವೆ.

ಶರಣು ಶರಣಾರ್ಥಿ.